ಮೊದಲು ತೋರಿಸಿದ ಕಾರು

ನಾವು ಕಾರು ತೆಗೆದುಕೊಂಡ ವರ್ಷವೇ ಅತಿ ಹೆಚ್ಚು ಆಟೊದಲ್ಲಿ ಓಡಾಡಿದ್ದು. ಹಿಮಾಯತ್‌ನಗರದ ನಮ್ಮ ಮನೆಯ ಕೆಳಗೆ ಬೆಳ್ಳಗಿನ ಸಣ್ಣ ಕಾರು ನಿಂತಿರುತ್ತಿತ್ತು. ಅದರಲ್ಲಿ ನಾನೊಬ್ಬನೇ ಕಚೇರಿಗೆ ಹೋಗುತ್ತಿದ್ದೆ, ನಾನೊಬ್ಬನೇ ಮರಳುತ್ತಿದ್ದೆ. ನನ್ನ ಪಕ್ಕದ ಸೀಟಿಗೆ ಅಂಗಡಿಯವರು ಹೊದಿಸಿದ ಪ್ಲಾಸ್ಟಿಕ್ಕು ಹಾಗೇ ಇತ್ತು. ಆ ಸೀಟು ಯಾರಿಗಾಗಿ ಇತ್ತೋ ಆ ಮಹನೀಯೆ, ಅಂದರೆ ನನ್ನ ಧರ್ಮಪತ್ನಿ, ಅದರಲ್ಲಿ ಕೂಡಲು ನಿರಾಕರಿಸಿದ್ದಳು.

“ಸ್ಕೂಟರ್ ಹೊಡದವರ ಕೈಯಾಗ ಕಾರ ಕೊಟ್ಟರ ಹೆಂಗ? ನಾ ಕೂಡಂಗಿಲ್ಲ” ಎಂಬುದು ಆಕೆಯ ಅಧಿಕೃತ ಹೇಳಿಕೆ.

ಲೈಸೆನ್ಸು ತೋರಿಸಿದೆ. ಅದರಲ್ಲಿನ ಫೋಟೊ ಚೆನ್ನಾಗಿಲ್ಲ ಎಂದಳು. ಆಂಧ್ರದ ಘನ ಸರಕಾರವೇ ನನ್ನನ್ನು ನಂಬಿದೆಯಲ್ಲ ಎಂದೆ. ಸರಕಾರ ನಿಮ್ಮ ಬಾಜೂ ಕೂಡುತ್ತದೇನು ಎಂದಳು. ಲೈಸೆನ್ಸು ಮರಳಿ ಜೇಬು ಸೇರಿತು.

ಭಾನುವಾರ ಅವಳ ಅಕ್ಕನ ಮಗಳ ನಿಶ್ಚಿತಾರ್ಥ, ಸಿಕಂದರಾಬಾದಿನಲ್ಲಿ. ರಾಯಚೂರು, ಗುಲಬರ್ಗಾಗಳಿಂದ ಬಳಗವೆಲ್ಲ ಬರುವುದಿತ್ತು. ಅವರೆಲ್ಲರ ಕಣ್ಣೆದುರು ನಾನು ಕಾರಿನಿಂದಲೂ ನನ್ನ ಹೆಂಡತಿ ಆಟೊದಿಂದಲೂ ಇಳಿಯುವ ದೃಶ್ಯ ನೆನೆದರೇ ನನಗೆ ಅನ್ನ ಸೇರುತ್ತಿರಲಿಲ್ಲ.

ಆಗ ಸಂಧಾನಕ್ಕೆ ಬಂದವನು ಅವಳ ತಮ್ಮ. ಅವನ ಮನೆಯೂ ಸಿಕಂದರಾಬಾದಿನಲ್ಲೇ. ಸಂಬಳದ ಅರ್ಧ ಭಾಗವನ್ನು ಕಂಪ್ಯೂಟರಿಗೆ ಸುರಿದವನು. ಅವನಲ್ಲಿ ಕಾರು ಓಡಿಸುವ ಒಂದು ಆಟವಿತ್ತು; ಅದಕ್ಕೆಂದೇ ಮೇಜಿಗೆ ಸಿಕ್ಕಿಸುವ ಸ್ಟೀರಿಂಗು, ಕಾಲ ಕೆಳಗೆ ಬ್ರೇಕು.

“ಅಕ್ಕಾ, ಇದು ಆಟ ಅಂದ್ರೂ ಖರೇ ಕಾರಿನಂಗs ಐತಿ. ಭಾವಾರು ಎಲ್ಲೂ ಬಡೀದ ಒಂದು ಸುತ್ತು ಹೊಡದ ತೋರಿಸಿದರ ಕೂಡ್ತಿಯೇನು?”

“ನೋಡೋಣ” ಅಂದಳು.

ಪರೀಕ್ಷೆಗೆ ಹೋದೆವು. ಆಟೊದಲ್ಲಿ.

ಮೊದಲು ಕಾರು ಆರಿಸಬೇಕಿತ್ತು. ಪರದೆಯ ಮೇಲೆ ಒಂದು ಪುಟ್ಟ ಕಾರು ತಟ್ಟೆಯಲ್ಲಿಟ್ಟ ಉಂಡೆಯಂತೆ ಮೆಲ್ಲಗೆ ಸುತ್ತುತ್ತಿತ್ತು. “ಭಾವಾರ, ಇದನ್ನ ತಗೋರಿ. ಹೊಸಬರಿಗೆ ಇದs ಚಲೋ. ಮುಂದಿನ ಗಾಲಿ ಎಳೀತಾವ, ಜೋರು ಕಡಿಮಿ. ತಪ್ಪ ಮಾಡಿದ್ರೂ ಸಂಭಾಳಿಸತೈತಿ” ಎಂದ.

ನಾನು ಆಗಲಿ ಎನ್ನಲು ಬಾಯಿ ತೆರೆದಿದ್ದೆ.

“ಬ್ಯಾರೇದು ತೋರಸು” ಎಂದಳು ಹೆಂಡತಿ.

ಸುಲ್ತಾನ್ ಬಜಾರಿನ ಸೀರೆ ಅಂಗಡಿಗಳಿಗೆಲ್ಲ ಪರಿಚಿತವಾದ ದನಿ ಅದು. ಮೊದಲು ತೋರಿಸಿದ್ದನ್ನು ತೆಗೆದುಕೊಳ್ಳಬಾರದು, ಅದು ಯಾರೂ ಒಯ್ಯದೆ ಉಳಿದ ಮಾಲು, ಒಳ್ಳೆಯದು ಒಳಗಿರುತ್ತದೆ. ಇದು ಆಕೆಯ ಸಂವಿಧಾನ. ಅದಕ್ಕೆ ತಿದ್ದುಪಡಿ ತರುವ ಧೈರ್ಯ ಈವರೆಗೆ ಯಾವ ಅಂಗಡಿಯವನಿಗೂ ಆಗಿಲ್ಲ.

“ಅಕ್ಕಾ, ಇದೇನು ಸೀರಿ ಅಂಗಡಿ ಅಲ್ಲ.”

“ಒಳಗ ಇಟ್ಟಿದ್ದು ತೋರಸೋ.”

ತೋರಿಸಿದ. ಹಳದಿಯದು ಬಂತು, ಹಸಿರಿನದು ಬಂತು. “ಹಿಂದಿನ ಮಗ್ಗಲ ತಿರುವು.” “ಇದರಾಗ ಕಡುನೀಲಿ ಐತೇನು?” “ಇದು ಭಾಳ ಚಪ್ಪಟಿ ಆತು, ನಿಮ್ಮ ಭಾವಾರ ಮೊಣಕಾಲು ಮಡಚೂದಿಲ್ಲ.” ಪ್ರತಿಯೊಂದು ಕಾರು ಕಣ್ಣಿಗೆ ಬೀಳುವ ಮುನ್ನ ಕಂಪ್ಯೂಟರು ಒಂದಷ್ಟು ಹೊತ್ತು ಧ್ಯಾನಕ್ಕೆ ಕೂಡುತ್ತಿತ್ತು. ನಾನು ಸ್ಟೀರಿಂಗು ಹಿಡಿದು, ಕಚೇರಿಯಲ್ಲಿ ಕಡತ ಬರಲೆಂದು ಕಾಯುವವನಂತೆ ಕೂತಿದ್ದೆ.

ಕೊನೆಗೆ ಕೆಂಪನೆಯದೊಂದು ಒಪ್ಪಿಗೆಯಾಯಿತು. “ಅದು ಬ್ಯಾಡ ಅಕ್ಕಾ. ಅದರ ಹಿಂದಿನ ಗಾಲಿ ದಬ್ಬತಾವ. ತಿರುವಿನ್ಯಾಗ ಸ್ವಲ್ಪ ಒತ್ತಿದ್ರ ಹಿಂಭಾಗನs ಮುಂದ ಬರತೈತಿ” ಎಂದ ತಮ್ಮ. ಕೇಳುವವರಾರು?

ಹಿಂಭಾಗವೇ ಮುಂದೆ ಬಂತು. ಮೊದಲ ತಿರುವಿನಲ್ಲೇ.

“ಭಾವಾರ, ಉಲ್ಟಾ ದಿಕ್ಕಿಗೆ ಹೊಂಟೀರಿ.”

“ಗೊತ್ತೈತಿ ನನಗ.”

“ನಾ ಹೇಳಿದ್ದಿಲ್ಲೇನು, ಇವರ ಕೈ ಹಿಂಗs ಅಂತ” ಎಂದಳು ಹೆಂಡತಿ.

“ಈ ಕುದುರಿ ಆರಿಸಿದವರು ಯಾರು?”

“ಹೊಡದವರು ಯಾರು?”

ಮತ್ತೆ ಹೊರಟೆ, ಮತ್ತೆ ತಿರುಗಿದೆ. ಒಮ್ಮೆ ಪ್ರೇಕ್ಷಕರಿದ್ದ ಕಟಕಟೆಗೆ ಹೋಗಿ ಹಣೆ ಹಚ್ಚಿ ನಿಂತೆ. ನಿಶ್ಚಿತಾರ್ಥದ ಮಂಟಪದ ಬಾಗಿಲಲ್ಲಿ ಆಟೊದಿಂದಿಳಿದು ಚಿಲ್ಲರೆಗೆ ಜಗಳಾಡುತ್ತಿರುವ ಹೆಂಡತಿ ನನಗೆ ಸ್ಪಷ್ಟವಾಗಿ ಕಾಣತೊಡಗಿದಳು.

ಆಗ ಆಕೆ, ನಾನು ಎಷ್ಟೋ ದೀಪಾವಳಿಗಳಲ್ಲಿ ಕೇಳಿದ್ದ ಆ ಮಾತನ್ನು ಆಡಿದಳು: “ಮೊದಲಿಗೆ ತೋರಿಸಿದ್ಯಲ್ಲ, ಅದನ್ನ ಇನ್ನೊಮ್ಮೆ ತಗೀ.”

ಅಂಗಡಿಯಲ್ಲೂ ಹೀಗೆಯೇ. ಗೋಡೆಯ ಕಪಾಟೆಲ್ಲ ಖಾಲಿಯಾಗಿ ಹಾಸಿನ ಮೇಲೆ ಗುಡ್ಡ ಬಿದ್ದ ಮೇಲೆ, ಆ ಗುಡ್ಡದ ತಳದಿಂದ ಮೊದಲ ಸೀರೆಯನ್ನು ಎಳೆಸಿ, ಅದನ್ನೇ ಕಟ್ಟಿಸುವುದು.

ಪುಟ್ಟ ಕಾರು ಮತ್ತೆ ಬಂದು ಸುತ್ತತೊಡಗಿತು. ಆಕೆ ಅದರ ಮುಂದು, ಹಿಂದು, ಮಗ್ಗಲು ನೋಡಿದಳು. “ಇದs ಚಲೋ ಐತಿ” ಎಂದು ಅಪ್ಪಣೆಯಾಯಿತು.

ಹೊಡೆದೆ. ತಿರುವು ಬಂದಾಗ ಕಾರು ತಾನೇ ತಡವರಿಸಿ ತಾನೇ ಸಾವರಿಸಿಕೊಂಡಿತು. ಮಿಕ್ಕ ಕಾರುಗಳೆಲ್ಲ ಗುರಿ ಮುಟ್ಟಿ, ಮನೆಗೆ ಹೋಗಿ ಉಂಡಿರಬೇಕು. ಆಮೇಲೆ ನಾನು ಮುಟ್ಟಿದೆ. ಆದರೆ ಎಲ್ಲೂ ಬಡಿಯಲಿಲ್ಲ.

“ಈಗರ ಕೂಡ್ತಿಯೇನಕ್ಕಾ?”

“ಕೂಡ್ತೀನಿ. ಇವರ ಕೈ ಮ್ಯಾಲ ನನಗೇನು ಅನುಮಾನ? ಇಷ್ಟ ವರ್ಷ ಸ್ಕೂಟರ್ ಹಿಂದ ಕೂತಿಲ್ಲೇನು? ಆದ್ರ ಅವತ್ತ ಮಧ್ಯಾಹ್ನ ಉಂಡು ಹ್ವಾದ್ರು, ಸಂಜಿಗೆ ಕಾರ ತಂದು ನಿಲ್ಲಿಸಿದ್ರು. ಯಾವ್ಯಾವ ನೋಡಿದ್ರಿ ಅಂದ್ರ, ಮೊದಲ ತೋರಿಸಿದ್ದs ತಂದೆ ಅಂದ್ರು. ಅದನ್ನರ ನನಗ ತೋರಿಸಿದ್ರೇನು?”

ನಾನು ಸ್ಟೀರಿಂಗು ಬಿಟ್ಟು ಆಕೆಯ ಕಡೆ ತಿರುಗಿದೆ. “ಇದನ್ನ ಅವತ್ತs ಹೇಳಬಾರದಾಗಿತ್ತೇನು?”

“ನೀವು ಕೇಳಿದ್ರೇನು?”

ತಮ್ಮ ಪರದೆಯ ಕಡೆ ತಿರುಗಿ ಕೂತ. ಅವನ ಹೆಗಲು ಅಲುಗುತ್ತಿದ್ದವು.

ಭಾನುವಾರ ರೇಷ್ಮೆ ಸೀರೆಯುಟ್ಟು ಕೆಳಗಿಳಿದು ಬಂದವಳು ಕಾರಿಗೆ ಒಂದು ಸುತ್ತು ಹಾಕಿದಳು. ಮುಂದು ನೋಡಿದಳು, ಹಿಂದು ನೋಡಿದಳು. ಬಾಗಿಲು ತೆಗೆದು ಸೀಟಿನ ಪ್ಲಾಸ್ಟಿಕ್ಕನ್ನು ಪರಪರ ಹರಿದು, ಮಡಚಿ ನನ್ನ ಕೈಗಿಟ್ಟು ಕೂತಳು. ನಾನು ಗೇರು ಹಾಕಿದೆ.

“ಕಡುನೀಲಿ ಇದ್ದಿದ್ದಿಲ್ಲೇನು ಇದರಾಗ?” ಎಂದಳು.