ಗೇರ್‌ಬಾಕ್ಸ್ ಹರಡಿದ ಹಳದಿ ಸೀರೆ

ಪುಟ್ಟೂ, ಚಿನ್ನೀ, ನಿಮ್ಮ ತಾತ ಲಾರಿಯ ಗೇರ್‌ಬಾಕ್ಸನ್ನು ಮನೆಯ ಹಜಾರದಲ್ಲೇ ಬಿಚ್ಚಿ ಕೂಡಿಸಿದ್ದರು. ನಾನು ಓದಿದ್ದು ನಾಲ್ಕೇ ಕ್ಲಾಸು, ಆದರೂ ಎದುರು ಕೂತು ಆ ಕಥೆ ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಯುದ್ಧದ ಕಾಲ. ಅರಕಲಗೂಡು ಕಡೆಯ ಹಳ್ಳಿಯಿಂದ ನಾನು ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮಾವನವರದು ದಿನಸಿ ಅಂಗಡಿ, ಸರಕು ಸಾಗಿಸಲು ಒಂದು ಲಾರಿಯೂ ಇತ್ತು. ನಿಮ್ಮ ತಾತನಿಗೆ ಅಂಗಡಿಯಲ್ಲಿ ಕೂತರೆ ತೂಕಡಿಕೆ, ಲಾರಿ ಹತ್ತಿದರೆ ಹಾಡು. ಒಂದು ದಿನ ತೆಂಗಿನಕಾಯಿ ಹೇರಿಕೊಂಡು ಬರುವಾಗ ಹಳೇಕೋಟೆ ಹತ್ತಿರ ಗೇರಿನ ಹಲ್ಲು ಮುರಿಯಿತು. ಎತ್ತು ಕಟ್ಟಿ ಲಾರಿಯನ್ನು ಮನೆ ಮುಂದಕ್ಕೆ ಎಳೆಸಿ ತಂದರು.

ಮಾವನವರಿಗೆ ರೇಗಿತು. ಆಯುಧಪೂಜೆಯ ಮಾರನೇ ದಿನ ಲಾರಿ ಓಡದಿದ್ದರೆ ಅದನ್ನು ಚನ್ನರಾಯಪಟ್ಟಣದ ಸಾಹುಕಾರರಿಗೆ ಮಾರಿಬಿಡುವುದು, ಮಗ ಅಂಗಡಿಯಲ್ಲಿ ಕೂರುವುದು ಎಂದು ತೀರ್ಮಾನ ಮಾಡಿದರು. ತಾತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಲಾರಿ ರಿಪೇರಿ ಮಾಡುವ ಹಾಸನದ ಮೇಸ್ತ್ರಿ ಮಿಲಿಟರಿ ಲಾರಿಗಳ ಕೆಲಸಕ್ಕೆ ಹೊರಡುವ ತರಾತುರಿಯಲ್ಲಿದ್ದ. ಕೆಟ್ಟು ನಿಂತಿದ್ದ ಇನ್ನೊಂದು ಲಾರಿಯಿಂದ ಒಂದು ಗೇರು ಬಿಚ್ಚಿಕೊಟ್ಟು, ಬಿಚ್ಚಿದ ಸಾಲಿನಲ್ಲೇ ಎಲ್ಲವನ್ನೂ ಇಡು, ಕೊನೆಯದರಿಂದ ಹಿಂದಕ್ಕೆ ಜೋಡಿಸುತ್ತಾ ಬಾ ಎಂದಷ್ಟೇ ಹೇಳಿಕೊಟ್ಟ. ತಾತ ಹಜಾರದಲ್ಲಿ ಗೇರ್‌ಬಾಕ್ಸ್ ಬಿಚ್ಚಿ, ನನ್ನ ಹಳೇ ಹಳದಿ ಸೀರೆ ಹಾಸಿ, ಅದರ ಮೇಲೆ ಗೇರು, ಬೇರಿಂಗು, ಬಿಲ್ಲೆಗಳನ್ನು ಉದ್ದಕ್ಕೆ ಸಾಲಿಟ್ಟರು. ನೆಂಟರು ಬಂದರೆ ದಾಟಿಕೊಂಡೇ ಒಳಗೆ ಹೋಗಬೇಕು.

ಯುದ್ಧದಿಂದಾಗಿ ಗೇರಿನ ಎಣ್ಣೆ ಎಲ್ಲೂ ಸಿಗುತ್ತಿರಲಿಲ್ಲವಾದ್ದರಿಂದ, ಆಯುಧಪೂಜೆಯ ಬೆಳಿಗ್ಗೆ ತಾತ ಅದರ ಬದಲಿಗೆ ಹರಳೆಣ್ಣೆ ತರಲು ಹೋದರು. ಅತ್ತೆಯವರು ಆ ಹೊತ್ತಿಗೆ ಎಲ್ಲವನ್ನೂ ಬಚ್ಚಲಿಗೆ ಒಯ್ದು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ಥಳಥಳ ಮಾಡಿಬಿಟ್ಟರು. ಆಮೇಲೆ ಮಣೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಒಂದೊಂದಕ್ಕೂ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂ ಏರಿಸಿದರು.

ತಾತ ಎಣ್ಣೆ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತರು.

"ಏನವ್ವಾ ಇದು, ಗೊಂಬೆ ಕೂರ್ಸಿದೀಯಾ?"

"ಮಸಿ ಮೆತ್ಕಂಡಿತ್ತು ಕಣಪ್ಪ. ಕೊಳಕು ಸಾಮಾನಿಗೆ ಪೂಜೆ ಮಾಡಕ್ಕಾಯ್ತದಾ?"

ತಾತ ಮಣೆಯ ಮುಂದೆ ಕುಕ್ಕರಿಸಿದರು. ಯಾವುದು ಮೊದಲು, ಯಾವುದು ಆಮೇಲೆ, ಅವರಿಗೆ ಒಂದೂ ಹೊಳೆಯಲಿಲ್ಲ. ಮಾವನವರು, ನಾಳೆ ಸಾಹುಕಾರರು ಬಂದೇ ಬರುತ್ತಾರೆ ಎಂದು ಗೊಣಗಿಕೊಂಡು ಓಡಾಡಿದರು.

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಮಾವನವರ ಎದುರು ನಾನು ಅದುವರೆಗೂ ತುಟಿ ಬಿಚ್ಚಿರಲಿಲ್ಲ. ಹೇಗೆ ಬಂತೋ ಧೈರ್ಯ, ಹೊರಗೆ ಬಂದು ನೆಲ ನೋಡುತ್ತಾ ಅಂದೆ:

"ಸೀರೆ ಒಗೆದಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. "ಬೆಳಿಗ್ಗೇನೆ ಒಗೆಯಕ್ಕೆ ಎಸೆದಿದ್ನಲ್ಲೇ, ಇನ್ನೂ ಒಗೆದಿಲ್ವಾ ಮಾರಾಯ್ತಿ?" ಎಂದು ಅತ್ತೆ ತಿರುಗಿಬಿದ್ದರು. ನಾನು ಬಚ್ಚಲ ಮೂಲೆಯಿಂದ ಸೀರೆ ತಂದು ಹರಡಿದೆ. ಒಂದೊಂದು ಗೇರು ಕೂತಿದ್ದ ಕಡೆಯೂ ಕಪ್ಪನೆಯ ಎಣ್ಣೆ ಉಂಗುರ, ಹಲ್ಲಿನ ಗುರುತು ಸಮೇತ.

ತಾತ ಮಗುವಿನಂತೆ ಮೊಣಕಾಲೂರಿ ಒಂದೊಂದನ್ನೂ ಅದರದರ ಕಲೆಯ ಮೇಲೆ ಇಟ್ಟು ನೋಡಿದರು. ಅತ್ತೆಯವರೂ ಕೂತರು. "ಇದು ಇಲ್ಲಿ ಕೂರಲ್ಲ, ಅಲ್ಲಿಡು" ಎಂದು ಮಾವನವರೇ ಕೋಲಿನಿಂದ ತೋರಿಸತೊಡಗಿದರು. ಸಂಜೆಯೊಳಗೆ ಗೇರ್‌ಬಾಕ್ಸ್ ಲಾರಿಯೊಳಗೆ ಸೇರಿತು. ಒಬ್ಬಟ್ಟು ತಿನ್ನುವುದೂ ಮರೆತೇಹೋಗಿತ್ತು.

ಮಾರನೇ ಬೆಳಿಗ್ಗೆ ನಿಂಬೆಹಣ್ಣಿನ ಮೇಲೆ ಚಕ್ರ ಹರಿಸಿ ತಾತ ಬೀದಿಯ ಕೊನೆಯವರೆಗೆ ಹೋಗಿ, ಹಿಂದಕ್ಕೂ ಬಂದು ನಿಂತರು. ಸಾಹುಕಾರರಿಗೆ ಬರಬೇಡಿ ಎಂದು ಮಾವನವರು ಹೇಳಿಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಹತ್ತವ್ವ" ಎಂದರು.

ಹತ್ತಿದೆ. ಹಾಸನದ ರಸ್ತೆಗೆ ಬಿದ್ದು ತಾತ ಮೂರನೇ ಗೇರಿಗೆ ಹಾಕಿದಾಗ ನನಗೆ ನಗು ಹತ್ತಿಕೊಂಡಿತು. ಸೆರಗು ಬಾಯಿಗೆ ತುರುಕಿದರೂ ನಿಲ್ಲಲಿಲ್ಲ. ತಾತನಿಗೂ ಹತ್ತಿತು. ಎದುರು ಬಂದ ಗಾಡಿಯವನು ನಮಗೆ ದೆವ್ವವೇನೋ ಬಡಿದಿದೆ ಎಂದುಕೊಂಡಿರಬೇಕು.

ನಿಮ್ಮ ತಾತ ಅಂಗಡಿಯಲ್ಲಿ ಕೂರಲೇ ಇಲ್ಲ. ಅವರು ಹಾಗೆ ನಕ್ಕದ್ದನ್ನು ಕಂಡವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ಈ ಹಾಳೆಗಳನ್ನು ರದ್ದಿಯವನ ತಕ್ಕಡಿಗೆ ಹಾಕಬೇಡಿ, ಇಲಿ ಮುಟ್ಟದ ಕಡೆ ಜೋಪಾನವಾಗಿಡಿ.