ಹೆಣ್ಣು ನೋಡಲು ಬಂದ ದಿನದ ಫ್ರೆಂಚ್

ಮೊಮ್ಮಗಳು ಫ್ರೆಂಚ್ ಮಾತಾಡುವುದನ್ನು ನಿಲ್ಲಿಸಿದ್ದು ನನ್ನಿಂದ. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ನಾನೇ ಹೇಳಬೇಕು.

ಬಿ.ಎ. ಮುಗಿಸಿ, ಶಿಕಾರಿಪುರದ ನಮ್ಮ ಮನೆಯಲ್ಲಿದ್ದುಕೊಂಡೇ ಅವಳು ಮೊಬೈಲಿನಲ್ಲಿ ಫ್ರೆಂಚ್ ಕಲಿತಳು. ಬರವಣಿಗೆಯ ಪರೀಕ್ಷೆ ಪಾಸಾಗಿತ್ತು. ಮಾತಿನ ಪರೀಕ್ಷೆಯೂ ಆಗಿಬಿಟ್ಟರೆ ಶಿವಮೊಗ್ಗದ ಶಾಲೆಯೊಂದರಲ್ಲಿ ಕಲಿಸುವ ಕೆಲಸ ಸಿಗುವುದಿತ್ತು. ಬೆಳಿಗ್ಗೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಕ್ರಿಯಾಪದಗಳನ್ನು ಬಿಡಿಸಿ ಬಿಡಿಸಿ ಹೇಳುವಳು. ಒಂದೊಂದು ತುಂಡಿಗೂ ಮೊಣಕಾಲ ಮೇಲೆ ಬೆರಳಿನಿಂದ ಒಂದು ತಟ್ಟು: ನು ರ–ಗಾರ್–ದೋಂ, ವು ರ–ಗಾರ್–ದೇ. ನಾವು ನೋಡುತ್ತೇವೆ, ನೀವು ನೋಡುತ್ತೀರಿ. ರಕಾರ ನಾಲಿಗೆಯಲ್ಲಲ್ಲ, ಗಂಟಲಲ್ಲಿ ಹುಟ್ಟಬೇಕಂತೆ. ‘ದೋಂ’ ಮೂಗಿನಲ್ಲಿ ಮುಗಿಯಬೇಕಂತೆ. ಅದರಾಚೆ ಕೊನೆಯಲ್ಲಿ ಬರೆದ ಅಕ್ಷರವನ್ನು ಉಚ್ಚರಿಸುವಂತೆಯೇ ಇಲ್ಲವಂತೆ. ಎಸ್ಸೆಸ್ಸೆಲ್ಸಿ ಓದಿದ ನನಗೆ ಇದು ವಿಚಿತ್ರವೆನಿಸುತ್ತಿತ್ತು, ಆದರೆ ಕಾಫಿ ಹಿಡಿದು ಅಲ್ಲಿಯೇ ಕೂರುತ್ತಿದ್ದೆ.

ಪರೀಕ್ಷೆಗೆ ಸ್ವಲ್ಪ ಮೊದಲು ಸೊರಬದಿಂದ ಹೆಣ್ಣು ನೋಡಲು ಬಂದರು. ಉಪ್ಪಿಟ್ಟು ಆದ ಮೇಲೆ ಹುಡುಗನ ಸೋದರಮಾವ, "ಹಾಡು ಬರ್ತದೇನಮ್ಮ?" ಎಂದು ಕೇಳಿದ. ಹೆಣ್ಣಿನಿಂದ ಹಾಡಿಸುವ ಪದ್ಧತಿ ನಮ್ಮಲ್ಲಿನ್ನೂ ಹೋಗಿಲ್ಲ. ಅವಳಿಗೆ ಹಾಡು ಬಾರದು.

"ಹಾಡ್ ಬಿಡ್ರಿ, ಫ್ರೆಂಚ್ ಹೇಳ್ತಾಳೆ ಕೇಳ್ರಿ," ಎಂದೆ ಜಂಬದಿಂದ.

"ಬ್ಯಾಡ ಅಜ್ಜ," ಎಂದು ಮೆಲ್ಲಗೆ ಅಂದಳು. ನಾನು ಬಿಡಲಿಲ್ಲ.

ನೆಲ ನೋಡುತ್ತ ಶುರುಮಾಡಿದಳು. ಎರಡನೆಯ ಸಾಲಿಗೇ ಸೋದರಮಾವ ನಕ್ಕ. "ಯಜಮಾನ್ರೇ, ಉಪ್ಪಿಟ್ಟಿನ ಮೆಣಸಿನಕಾಯಿ ಹುಡುಗಿ ಗಂಟಲಿಗೆ ಸಿಕ್ಕಂಗದೆ, ನೀರು ಕೊಡ್ರಿ. ಮೂಗೂ ಕಟ್ಟೇತಿ, ಕಷಾಯಾನೂ ಕೊಡ್ರಿ."

ಎಲ್ಲರೂ ನಕ್ಕರು. ನಾನೊಂದು ಮಾತು ಆಡಿದ್ದರೆ ಸುಮ್ಮನಾಗುತ್ತಿದ್ದರು. ಸಂಬಂಧ ಕೈತಪ್ಪೀತೆಂದು ನಾನೂ ನಕ್ಕೆ. "ದಿನಾ ಬೆಳಗಾದ್ರೆ ನಮಗಿದೇ ಕಾಟ," ಎಂದೂ ಸೇರಿಸಿದೆ. ಶಬ್ದದ ಅರ್ಧಕ್ಕೇ ನಿಲ್ಲಿಸಿ ಅವಳು ನನ್ನನ್ನು ನೋಡಿದಳು.

ಸಂಬಂಧ ಕೂಡಿಬರಲಿಲ್ಲ. ಮರುದಿನದಿಂದ ಕಟ್ಟೆಯ ಮೇಲೆ ಬರೀ ತುಟಿಗಳು ಆಡತೊಡಗಿದವು.

"ಗಟ್ಟಿಯಾಗಿ ಹೇಳವ್ವ."

"ಮನಸ್ನಾಗೇ ಹೇಳ್ಕೊಂಡ್ರೂ ಆಗ್ತದಜ್ಜ."

ಆಗಲಿಲ್ಲ. ಪರೀಕ್ಷೆ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತ, "ಎಲ್ಲಾ ಗೊತ್ತಿತ್ತು, ದನೀನೇ ಹೊರಡ್ಲಿಲ್ಲ," ಎಂದಳು. ಕೆಲಸ ಬೇರೆಯವರ ಪಾಲಾಯಿತು.

ಮೊನ್ನೆ ಊಟದ ಹೊತ್ತಿನಲ್ಲಿ, ತಪ್ಪಾಯಿತೆಂದು ಹೇಳಿದೆ.

"ನೀನೊಬ್ನೇ ನಕ್ಕಿದ್ದೇನಜ್ಜ, ಎಲ್ರೂ ನಕ್ರು," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಸೊರಬದವರು ಆ ದನಿಯನ್ನು ಕೇಳಿದ್ದು ಒಂದೇ ದಿನ. ನಾನು ದಿನವೂ ಕೇಳಿದವನು. ಮತ್ತೊಮ್ಮೆ ಪರೀಕ್ಷೆಗೆ ಕೂರು ಎನ್ನಬೇಕೆಂದಿದ್ದೆ. ಹಾಗೆನ್ನಲು ನನಗೆ ಮುಖವಿರಲಿಲ್ಲ.