ಗಾಜಿನೊಳಗಿನ ಒಳಲೆ

ದೆವ್ವ, ಗಾಳಿ ಸೋಕುವುದು ಎಂದೆಲ್ಲ ಯಾರಾದರೂ ಹೇಳಿದರೆ ನಾನು ಅವರ ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಅಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಾವಾಗ ಡಲ್ಲಾಸಿನ ಹತ್ತಿರದ ಮೆಕಿನ್ನಿಯಲ್ಲಿದ್ದೆವು. ಕೈಗೂಸಾಗಿದ್ದ ನಮ್ಮ ಮಗಳು ಇದ್ದಕ್ಕಿದ್ದಂತೆ ಎದೆಹಾಲು, ಬಾಟಲಿ ಎರಡನ್ನೂ ಬಿಟ್ಟಳು. ತೂಕ ಇಳಿಯುತ್ತಿತ್ತು. ಡಲ್ಲಾಸಿನ ಡಾಕ್ಟರು ಬೆಳಿಗ್ಗೆ ನೋಡಿ, ಮಧ್ಯಾಹ್ನದೊಳಗೆ ಕುಡಿಯದಿದ್ದರೆ ಅಡ್ಮಿಟ್ ಮಾಡಿ ಮೂಗಿನಿಂದ ಟ್ಯೂಬ್ ಹಾಕಬೇಕು ಎಂದರು. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ ಬೆಳ್ಳಿಯ ಒಳಲೆ ತಂದಿದ್ದರು. ಅದರ ಮೂತಿಯಿಂದ ಹಾಲು ಹನಿಸಿದರೂ ಮಗು ಉಗುಳುತ್ತಿತ್ತು.

ಹೊರಗೆ ಸುಡುಬಿಸಿಲು. ಮನೆಗೆ ಹೋಗಿಬರುವಷ್ಟು ಹೊತ್ತಿರಲಿಲ್ಲ. ಎಸಿಯಾದರೂ ಇರುತ್ತದೆಂದು ಹತ್ತಿರದ ಮ್ಯೂಸಿಯಂ ಹೊಕ್ಕೆವು. ಒಂದು ಕೋಣೆಯ ತುಂಬ ಪ್ರಾಚೀನ ಗ್ರೀಕರ ಗೋರಿಗಳಲ್ಲಿ ಸಿಕ್ಕ ಸಾಮಾನು: ಎಣ್ಣೆಯ ಕುಡಿಕೆ, ಕನ್ನಡಿ, ಮಣ್ಣಿನ ಗೊಂಬೆ. ಸತ್ತವರ ಜೊತೆಗಿಟ್ಟು ಹೂಳುತ್ತಿದ್ದರಂತೆ. ಅತ್ತೆ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟರು. ಒಳಗೊಂದು ಪುಟ್ಟ ಮಣ್ಣಿನ ಪಾತ್ರೆ, ಅದಕ್ಕೊಂದು ಮೂತಿ. ಹಸುಗೂಸಿನ ಗೋರಿಯಲ್ಲಿ ಸಿಕ್ಕಿದ್ದೆಂದು ನಾನು ಓದಿ ಹೇಳಿದೆ.

"ಒಳಲೀನ ಅಲ್ಲೇನ್ರಿ ಇದು!" ಎಂದವರ ಕಣ್ಣು ತುಂಬಿತು. ನಮ್ಮಲ್ಲೂ ಹಸುಗೂಸನ್ನು ಸುಡುವುದಿಲ್ಲ, ಹೂಳುತ್ತೇವೆ. ಆಮೇಲೆ ಅವರು ಮಾಡಿದ್ದನ್ನು ಕಂಡು ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಬ್ಯಾಗಿನಿಂದ ನಮ್ಮ ಒಳಲೆ ತೆಗೆದು, ಹಾಲು ಹಾಕಿ, ಹಿರಿಯರಿಗೆ ಎಡೆ ಹಿಡಿದಂತೆ ಗಾಜಿನೆದುರು ಹಿಡಿದರು. "ಮೊದಲ ನೀ ಕುಡಿಯವ್ವಾ. ಆಮ್ಯಾಲೆ ನಮ್ಮ ಕೂಸಿಗೆ ಬಿಡು" ಎಂದರು, ಜೋರಾಗಿಯೇ.

ಅವರನ್ನು ಸರಿಸಲು ಬಗ್ಗಿದೆ. ಆಗ ಕಂಡಿತು. ಗಾಜಿನೊಳಗೆ, ಆ ಮಣ್ಣಿನ ಮೂತಿಯ ತುದಿಯಲ್ಲಿ ಬಿಳಿಯ ಹನಿಯೊಂದು ಕೂಡಿಕೊಂಡು ತುಂಬಿನಿಂತಿತು. ಅದು ಕೆಳಗೆ ಬೀಳಲಿಲ್ಲ. ಯಾರೋ ತುಟಿಯಿಟ್ಟು ಎಳೆದಂತೆ ಕಿರಿದಾಗುತ್ತ ಬಂದು ಇಲ್ಲವಾಯಿತು. ಹೆಂಡತಿ ನನ್ನ ತೋಳು ಹಿಡಿದು, "ಆ ಹನಿ ನೀವೂ ನೋಡಿದ್ರೇನ್ರಿ?" ಎಂದಳು.

ಅಷ್ಟರಲ್ಲಿ ಮಗು ತುಟಿ ಚಪ್ಪರಿಸಿತು. ಅತ್ತೆ ಒಳಲೆ ಹಿಡಿದದ್ದೇ ತಡ, ಗಟಗಟನೆ ಖಾಲಿ ಮಾಡಿತು. ಇಲ್ಲಿ ಹಾಲು ಕುಡಿಸಬಾರದೆಂದು ಹೇಳಲು ಬಂದ ಕಾವಲಿನವನು ನಮ್ಮ ಅಳು ನೋಡಿ ಹಿಂದಿರುಗಿದ. ಮಧ್ಯಾಹ್ನ ಡಾಕ್ಟರು ಟ್ಯೂಬ್ ಬೇಡ ಎಂದಾಗ ಹೋದ ಜೀವ ಬಂದಂತಾಯಿತು.

ಎಸಿಯ ತೇವವಿರಬೇಕು, ನಿದ್ದೆಗೆಟ್ಟ ಕಣ್ಣಿರಬೇಕು ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹಾಗಾದರೆ ಇಬ್ಬರಿಗೂ ಒಂದೇ ಹನಿ ಹೇಗೆ ಕಂಡಿತು? ಮಗಳು ಉಳಿದಳು, ಅಷ್ಟು ಸಾಕು. ಆದರೆ ಅಷ್ಟೊಂದು ಕಾಲ ಹಸಿದಿದ್ದ ಆ ಕೂಸಿಗೆ ಒಂದೇ ಹನಿ ಸಾಲಿತೇ ಎಂದು ಈಗಲೂ ಅನ್ನಿಸುತ್ತದೆ.